ತೊಟ್ಟಿಲ ಸೇಡು

ಸೇಂ-ಕ್ಲೋವಿಸ್ ಊರಿನ ಹೆಂಗಸರ ಜುಟ್ಟು ರೋಲಾಂದಳ ಕೈಯಲ್ಲಿತ್ತು. ಇದು ಮಾತಿನ ಚಮತ್ಕಾರವಲ್ಲ. ಅಂಚೆ ಕಚೇರಿಯ ಎದುರಿಗೇ ಅವಳ ಪಾರ್ಲರು. ಎರಡು ಕುರ್ಚಿ, ಮೂರು ಡ್ರೈಯರು, ತಲೆ ತೊಳೆಯಲು ಒಂದು ಗುಲಾಬಿ ಬಣ್ಣದ ಬೇಸಿನ್ನು. ಭಾನುವಾರದ ಪೂಜೆ ತಪ್ಪಿಸುವವರು ಊರಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರು. ಆದರೆ ಶನಿವಾರ ತಲೆ ಮಾಡಿಸಿಕೊಳ್ಳುವುದನ್ನು ತಪ್ಪಿಸಿದವಳು ಒಬ್ಬಳೂ ಇರಲಿಲ್ಲ.

1971ರ ಜೂನ್ ತಿಂಗಳ ಆ ಶನಿವಾರವಂತೂ ಕಾಲಿಡಲು ಜಾಗವಿರಲಿಲ್ಲ. ಮರುದಿನ ಗೊಸ್ಲಾಂ ಪಾದ್ರಿಗಳ ಸುವರ್ಣ ಮಹೋತ್ಸವ. ಅವರು ದೀಕ್ಷೆ ಪಡೆದು ಐವತ್ತು ವರ್ಷ ತುಂಬಿತ್ತು. ಅದರಲ್ಲಿ ಮೂವತ್ತೈದು ವರ್ಷ ಈ ಊರನ್ನು ಆಳಿದ್ದರು. ಆಳಿದರು ಎಂದೇ ಹೇಳಬೇಕು, ಸೇವೆ ಎನ್ನುವುದೆಲ್ಲ ಆಮಂತ್ರಣ ಪತ್ರಿಕೆಯ ಮಾತು. ಐದು ವರ್ಷದ ಹಿಂದೆ ನಿವೃತ್ತರಾಗಿ ಪಕ್ಕದ ಪಟ್ಟಣದ ಸನ್ಯಾಸಿನಿಯರ ಮಠ ಸೇರಿದ್ದವರನ್ನು ಊರಿನವರು ಕರೆಸಿಕೊಂಡಿದ್ದರು. ಅವರಿಂದಲೇ ಪೂಜೆ ಮಾಡಿಸಿ, ಆಮೇಲೆ ಚರ್ಚಿನ ಪಕ್ಕದ ಹಾಲಿನಲ್ಲಿ ಇನ್ನೂರು ಜನಕ್ಕೆ ಊಟ ಎಂದು ನಿಶ್ಚಯವಾಗಿತ್ತು.

ರೋಲಾಂದಳಿಗೂ ಆ ಆಮಂತ್ರಣ ಬಂದಿತ್ತು. ಅದರಲ್ಲಿ ಒಂದು ಸಾಲು ಹೀಗಿತ್ತು: 'ನಮ್ಮ ತೊಟ್ಟಿಲುಗಳನ್ನು ತುಂಬಿಸಿದ ಪೂಜ್ಯರಿಗೆ ಕೃತಜ್ಞತೆ.' ಅವಳು ಆ ಸಾಲನ್ನು ಎರಡು ಸಲ ಓದಿದಳು. ಪಾರ್ಲರಿನ ಬಾಗಿಲು ಹಾಕಿ, ಗುಲಾಬಿ ಬೇಸಿನ್ನಿನ ಮೇಲೆ ಬಾಗಿ, ತಣ್ಣೀರನ್ನು ಮುಖಕ್ಕೆ ಹೊಡೆದುಕೊಂಡಳು. ಇಪ್ಪತ್ತೆರಡು ವರ್ಷ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಇನ್ನು ಆಗುವುದಿಲ್ಲ ಎಂದು ಅವಳಿಗೆ ಅನಿಸಿದ್ದು ಆಗ.

ಫ್ರೆಂಚ್ ಮಾತಾಡುವ ನಮ್ಮ ಜನರ ನೆಲವನ್ನು ಇಂಗ್ಲಿಷರು ಗೆದ್ದು ಇನ್ನೂರು ವರ್ಷ ಮೀರಿದೆ. ಫಿರಂಗಿಯಲ್ಲಿ ಸೋತದ್ದನ್ನು ಬಸಿರಿನಲ್ಲಿ ಗೆಲ್ಲಬೇಕೆಂದು ಹಿಂದಿನ ಗಂಡಸರು ಹೂಡಿದ ಉಪಾಯಕ್ಕೆ ಒಂದು ಚಂದದ ಹೆಸರೂ ಇತ್ತು: ತೊಟ್ಟಿಲ ಸೇಡು. ಅವರ ಮನೆಯಲ್ಲಿ ಎರಡು ಹುಟ್ಟಿದರೆ ನಮ್ಮ ಮನೆಯಲ್ಲಿ ಹನ್ನೆರಡು ಹುಟ್ಟಬೇಕು, ಆಗ ಈ ದೇಶ ತಾನಾಗಿ ನಮ್ಮದಾಗುತ್ತದೆ ಎಂದು ಪಾದ್ರಿಗಳು ಪ್ರವಚನ ಮಾಡುತ್ತಿದ್ದರು. ಅವರೇನು ಹೆರಬೇಕಿತ್ತೇ? ಸೇಡು ಅವರದು, ಹೊಟ್ಟೆ ಹೆಂಗಸರದು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಗೊಸ್ಲಾಂ ಪಾದ್ರಿಗಳು ಮನೆಮನೆಗೂ ಬರುತ್ತಿದ್ದರು. ಮನೆಮಂದಿಯೆಲ್ಲ ಮಂಡಿಯೂರಿ ಆಶೀರ್ವಾದ ಪಡೆದಾದ ಮೇಲೆ ಅವರ ಕಣ್ಣು ಒಲೆಯ ಪಕ್ಕದ ತೊಟ್ಟಿಲ ಕಡೆಗೆ ಹೋಗುತ್ತಿತ್ತು. ಅದು ಖಾಲಿಯಿದ್ದರೆ, "ಏನಮ್ಮಾ, ಮೈಯಲ್ಲಿ ಹುಷಾರಿಲ್ವಾ?" ಎಂದು ನಗುನಗುತ್ತಲೇ ಕೇಳುತ್ತಿದ್ದರು. ಆ ನಗುವಿಗೆ ಊರಿನ ಹೆಂಗಸರು ಜ್ವರಕ್ಕಿಂತ ಹೆಚ್ಚು ಹೆದರುತ್ತಿದ್ದರು.

ರೋಲಾಂದಳ ತಾಯಿ ಎಕ್ಸಿಲ್ದಾ ಹನ್ನೊಂದು ಹೆತ್ತವಳು. ಹನ್ನೊಂದನೆಯದರಲ್ಲಿ ರಕ್ತ ನಿಲ್ಲದೆ ಮೂರು ದಿನ ಸಾವು ಬದುಕಿನ ನಡುವೆ ಹೊಯ್ದಾಡಿದ್ದಳು. ಡಾಕ್ಟರು ಗಂಡ ಫಿಲಿಯಾಸನನ್ನು ಅಂಗಳಕ್ಕೆ ಕರೆದು, ಇನ್ನೊಂದಾದರೆ ಇವಳು ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದ್ದರು. ಅಂದಿನಿಂದ ಎಕ್ಸಿಲ್ದಾ ಹೆಣ್ಣುಮಕ್ಕಳ ಹಾಸಿಗೆಯಲ್ಲಿ ಮಲಗತೊಡಗಿದಳು. ಫಿಲಿಯಾಸ್ ಕೆಟ್ಟವನಲ್ಲ, ಸುಮ್ಮನಿದ್ದ. ಹಾಗೆ ಎರಡು ವರ್ಷ ಕಳೆಯಿತು. ಅಮ್ಮ ಕೆಲಸ ಮಾಡುತ್ತ ಹಾಡುವುದನ್ನು ರೋಲಾಂದ್ ಕೇಳಿದ್ದು ಆ ಎರಡು ವರ್ಷದಲ್ಲಿ ಮಾತ್ರ.

1948ರ ಈಸ್ಟರ್, ಅಂದರೆ ಪಾಸ್ಕ ಹಬ್ಬದ ಹಿಂದಿನ ದಿನ ತಾಯಿ ಮಗಳು ಪಾಪನಿವೇದನೆಗೆ ಹೋದರು. ಹಬ್ಬಕ್ಕೆ ಪರಮಪ್ರಸಾದ ತೆಗೆದುಕೊಳ್ಳದಿದ್ದರೆ ನರಕ, ಪಾಪ ಹೇಳಿಕೊಂಡು ಕ್ಷಮೆ ಪಡೆಯದಿದ್ದರೆ ಪ್ರಸಾದವಿಲ್ಲ. ಹದಿಮೂರು ವರ್ಷದ ರೋಲಾಂದ್ ಸಾಲಿನಲ್ಲಿ ಅಮ್ಮನ ಹಿಂದೆಯೇ ನಿಂತಿದ್ದಳು. ಮರದ ಗೂಡಿನೊಳಗಿನ ಮಾತು ಹೊರಗೆ ಕೇಳಿಸುತ್ತಿತ್ತು.

"ಕೊನೇ ಮಗೂಗೆ ಎಷ್ಟು ವರ್ಷ?"

"ಎರಡು ತುಂಬ್ತು ಸ್ವಾಮಿ."

"ಮಕ್ಕಳಾಗೋದನ್ನ ತಡೀತಿದೀಯಾ?"

"ಡಾಕ್ಟ್ರು ಹೇಳಿದಾರೆ ಸ್ವಾಮಿ. ಇನ್ನೊಂದಾದ್ರೆ ಜೀವಕ್ಕೇ..."

"ಜೀವ ಕೊಡೋನು ಡಾಕ್ಟ್ರಾ, ದೇವರಾ? ಗಂಡನಿಗೆ ಬೆನ್ನು ತಿರುಗಿಸಿ ಮಲಗ್ತೀಯ, ಅವನು ಬೇರೆ ಪಾಪಕ್ಕೆ ಬಿದ್ರೆ ಅದೂ ನಿನ್ನ ತಲೆ ಮೇಲೇನೇ. ಕ್ಷಮೆ ಕೊಡೋಕಾಗಲ್ಲ. ತಿದ್ಕೊಂಡ ಮೇಲೆ ಬಾ."

ಮರುದಿನ ಪೂಜೆಯಲ್ಲಿ ಐದನೆಯ ಬೆಂಚಿನಲ್ಲಿ ಎಕ್ಸಿಲ್ದಾ ಕೂತೇ ಇದ್ದಳು. ಪ್ರಸಾದಕ್ಕೆ ಏಳು ತುಂಬಿದ ಮಕ್ಕಳೆಲ್ಲ ಎದ್ದರು. ಬೆಂಚಿನಿಂದ ಹೊರಬರಲು ಇದ್ದದ್ದು ಒಂದೇ ದಾರಿ. ಅಮ್ಮ ಕಾಲನ್ನು ಒಳಕ್ಕೆ ಎಳೆದುಕೊಂಡಳು, ಮಕ್ಕಳು ಒಬ್ಬೊಬ್ಬರಾಗಿ ಅವಳ ಮೊಣಕಾಲುಗಳನ್ನು ದಾಟಿ ಹೋದರು. ರೋಲಾಂದಳೂ ದಾಟಿದಳು. ಊರಿಗೆ ಊರೇ ನೋಡಿತು. ಕೂತವಳು ಯಾಕೆ ಕೂತಿದ್ದಾಳೆ ಎಂದು ಊರಿನಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗಿರಣಿಯಲ್ಲಿ ಗಂಡಸರು ಫಿಲಿಯಾಸನನ್ನು, "ಏನಯ್ಯಾ, ನಿಮ್ಮನೇಲಿ ಹಾಸಿಗೆ ಎರಡಂತೆ?" ಎಂದು ಆಡಿಕೊಂಡರು. ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ಎಕ್ಸಿಲ್ದಾಳಿಂದ ಒಂದು ಮಾರು ದೂರ ನಿಂತರು.

ಮೂರು ಭಾನುವಾರ ಅವಳು ಹಾಗೆಯೇ ಕೂತಿದ್ದಳು. ನಾಲ್ಕನೆಯ ಭಾನುವಾರ ಎದ್ದು ಹೋಗಿ ಪ್ರಸಾದ ತೆಗೆದುಕೊಂಡಳು. ಅದರ ಹಿಂದಿನ ವಾರವೇ ಹೆಣ್ಣುಮಕ್ಕಳ ಹಾಸಿಗೆಯಿಂದ ಅವಳ ದಿಂಬು ಕಾಣೆಯಾಗಿತ್ತು. ಮುಂದಿನ ಫೆಬ್ರವರಿಯಲ್ಲಿ ಎಕ್ಸಿಲ್ದಾ ಸತ್ತಳು, ಹೊಟ್ಟೆಯಲ್ಲಿದ್ದದ್ದೂ ಸತ್ತಿತು. ಅವಳಿಗೆ ನಲವತ್ತೂ ಆಗಿರಲಿಲ್ಲ. ಅಂತ್ಯಸಂಸ್ಕಾರ ಮುಗಿಸಿ ಹೊರಟ ಗೊಸ್ಲಾಂ ಪಾದ್ರಿಗಳು ಬಾಗಿಲಲ್ಲಿ ನಿಂತಿದ್ದ ರೋಲಾಂದಳ ಕೆನ್ನೆ ತಟ್ಟಿ, "ಕರ್ತವ್ಯ ಮಾಡ್ತಾ ಹೋದಳು ನಿಮ್ಮಮ್ಮ, ನೇರ ಸ್ವರ್ಗಕ್ಕೆ," ಎಂದರು. ಆ ಕೆನ್ನೆಯನ್ನು ಅವಳು ಅವತ್ತು ಎಷ್ಟು ಸಲ ತೊಳೆದಳೋ.

ಆಮೇಲೆ ಕಾಲ ಬದಲಾಯಿತು. ಬದಲಾದದ್ದಾದರೂ ಹೇಗೆ! ರೋಲಾಂದ್ ಮದುವೆಯಾಗಿ ಎರಡು ಹೆತ್ತ ಮೇಲೆ, ಮುಟ್ಟು ಸರಿಪಡಿಸಲು ಎಂಬ ನೆಪದಲ್ಲಿ ಡಾಕ್ಟರು ಬಸಿರು ತಡೆಯುವ ಗುಳಿಗೆ ಬರೆದುಕೊಟ್ಟರು. ಆ ವರ್ಷ ಊರಿನ ಹೆಂಗಸರಿಗೆಲ್ಲ ಒಮ್ಮೆಗೇ ಮುಟ್ಟು ಕೆಟ್ಟಿತು ಎಂದು ಪಾರ್ಲರಿನಲ್ಲಿ ನಗೆಯೋ ನಗೆ. ಎರಡು ವರ್ಷದ ಹಿಂದೆ ಸರ್ಕಾರವೇ ಕಾನೂನು ತಿದ್ದಿ, ಗುಳಿಗೆ ಅಪರಾಧವಲ್ಲ ಎಂದಿತು. ಗೊಸ್ಲಾಂ ಪಾದ್ರಿಗಳ ಜಾಗಕ್ಕೆ ಬಂದ ರೆಮಿ ಪಾದ್ರಿ ಗಿಟಾರ್ ನುಡಿಸುತ್ತಿದ್ದರು, ಮನೆಮನೆಗೆ ಬಂದು ತೊಟ್ಟಿಲು ನೋಡುತ್ತಿರಲಿಲ್ಲ. ಪ್ರಸಾದವನ್ನು ಈಗ ನಾಲಿಗೆಯ ಮೇಲಲ್ಲ, ಅಂಗೈಗೇ ಕೊಡುತ್ತಿದ್ದರು. ಪಾಪನಿವೇದನೆಯ ಗೂಡಿನಲ್ಲಿ ಪೊರಕೆ ಇಡುತ್ತಿದ್ದರು. ಎಲ್ಲವೂ ಬದಲಾಯಿತು, ಆದರೆ ಯಾರೂ ಯಾರಿಗೂ ತಪ್ಪಾಯಿತು ಎನ್ನಲಿಲ್ಲ. ರೋಲಾಂದಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಆ ಶನಿವಾರ ಒಂದು ಡ್ರೈಯರಿನ ಕೆಳಗೆ ಆಲ್ಫೊನ್ಸೀನ್ ಅಜ್ಜಿ ಕೂತಿದ್ದಳು. ಎಪ್ಪತ್ತೆಂಟು ವರ್ಷ, ಹದಿನಾರು ಹೆತ್ತವಳು. ಯಂತ್ರದ ಸದ್ದಿಗೆ ತನ್ನ ಮಾತು ತನಗೇ ಕೇಳಿಸದೆ ಕಿರುಚುವುದು ಅವಳ ಅಭ್ಯಾಸ. ರೋಲಾಂದಳ ಕೈಯಲ್ಲಿ ಆಗ ಇದ್ದದ್ದು ಆಗಸ್ಟಿನಲ್ಲಿ ಮದುವೆಯಾಗಲಿದ್ದ ಮಿಷ್ಲೀನಳ ತಲೆ. ಮದುವೆಯಾಗುವ ಹುಡುಗ ಹುಡುಗಿಯರಿಗೆ ಚರ್ಚಿನಲ್ಲಿ ನಡೆಯುವ ತರಗತಿ ಅವಳಿಗೆ ಹಿಂದಿನ ವಾರವಷ್ಟೇ ಮುಗಿದಿತ್ತು.

"ಏನ್ ಕಲ್ಸಿದ್ರೇ ಅಲ್ಲಿ?" ಎಂದು ಕಿರುಚಿದಳು ಅಜ್ಜಿ.

"ಡಾಕ್ಟ್ರು ಬಂದಿದ್ರು ಅಜ್ಜಿ. ಗೋಡೆ ಮೇಲೆ ಚಿತ್ರ ಬಿಟ್ಟು ತೋರ್ಸಿದ್ರು. ರೆಮಿ ಸ್ವಾಮಿಗಳೂ ಪಕ್ಕದಲ್ಲೇ ಕೂತಿದ್ರು."

"ಯಾತರ ಚಿತ್ರ?"

"ಅದೇ... ಒಳಗಡೇದು." ಮಿಷ್ಲೀನ್ ಕನ್ನಡಿಯಲ್ಲೇ ಕೆಂಪಾದಳು. "ಹೆಂಗಸರಿಗೂ ಸುಖ ಆಗ್ಬೇಕಂತೆ. ಆಗ್ದಿದ್ರೆ ಗಂಡಂಗೆ ಬಾಯ್ಬಿಟ್ಟು ಹೇಳ್ಬೇಕಂತೆ. ಅದು ದೇವರ ಕೊಡುಗೆ, ನಾಚ್ಕೋಬಾರ್ದು ಅಂದ್ರು ಸ್ವಾಮಿಗಳು."

"ದೇವರ ಕೊಡುಗೇನಾ! ಹದಿನಾರು ಹೆತ್ತಿದೀನಿ ಕಣೇ, ಒಂದ್ಸಲನಾದ್ರೂ ಆ ಕೊಡುಗೆ ನಮ್ಮನೆ ಬಾಗಿಲಿಗೆ ಬಂದಿದ್ರೆ ಕೇಳು! ನಮ್ಮನೆಯೋನಿಗೆ ಬೂಟ್ಸ್ ಬಿಚ್ಚೋಕೇ ಪುರುಸೊತ್ತಿರ್ತಿರ್ಲಿಲ್ಲ."

ಪಾರ್ಲರೆಲ್ಲ ಬಿದ್ದುಬಿದ್ದು ನಕ್ಕಿತು. ಅಜ್ಜಿ ನಗಲಿಲ್ಲ. ಡ್ರೈಯರಿನಿಂದ ತಲೆ ಹೊರಗೆ ತೆಗೆದು, ರೋಲರುಗಳ ಸಮೇತ ಮುಂದಕ್ಕೆ ಬಾಗಿ ಕೇಳಿದಳು:

"ಎಲ್ಲಿ ಹೇಳಿದ್ದು ಇದನ್ನ? ನಮ್ಮ ಚರ್ಚಲ್ಲೇನಾ?"

"ಹೂಂ ಅಜ್ಜಿ, ನೆಲಮಾಳಿಗೇಲಿ."

"ಮೇಲಿದ್ದಾಗ ಪಾಪ ಆಗಿದ್ದು ನೆಲಮಾಳಿಗೆಗೆ ಇಳಿದ ತಕ್ಷಣ ಕೊಡುಗೆ ಆಗ್ಹೋಯ್ತಾ? ಇದನ್ನ ಮುಂಚೇನೇ ಹೇಳಿದ್ರೆ ನಾವೂ ಇಳೀತಿದ್ವಲ್ಲೇ!"

ಈಗ ಯಾರೂ ನಗಲಿಲ್ಲ. ರೋಲಾಂದ್ ಬಾಚಣಿಗೆ ಕೆಳಗಿಟ್ಟಳು. ಇಂಥ ಗಳಿಗೆ ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಾಳೆ ಪ್ರಸಾದದ ಹೊತ್ತಿಗೆ ಯಾರೂ ಏಳ್ಬೇಡಿ," ಎಂದಳು.

"ಏಳ್ದೇ?"

"ಕೂತೇ ಇರಿ. ಅವರು ಪಾತ್ರೆ ಹಿಡ್ಕೊಂಡು ನಿಂತಿರ್ಲಿ. ನಮ್ಮಮ್ಮ ಮೂರು ಭಾನುವಾರ ಕೂತಿದ್ಲು, ನೀವೆಲ್ಲ ನೋಡಿದೀರಿ. ಅವರು ಐದು ನಿಮಿಷ ಒಬ್ಬರೇ ನಿಲ್ಲಲಿ. ಆ ಅವಮಾನ ಹೆಂಗಿರುತ್ತೆ ಅಂತ ಸಾಯೋಕೆ ಮುಂಚೆ ಅವರಿಗೂ ಗೊತ್ತಾಗ್ಲಿ. ನಂಗೆ ಬೇರೇನೂ ಬೇಡ."

"ಅಲ್ಲ ರೋಲಾಂದಕ್ಕ, ಎಪ್ಪತ್ತಾರು ವರ್ಷದ ಮುದುಕರು," ಎಂದಳು ಮಿಷ್ಲೀನ್ ಮೆಲ್ಲಗೆ.

"ನಮ್ಮಮ್ಮಂಗೆ ಮುದುಕಿ ಆಗೋಕೂ ಬಿಡ್ಲಿಲ್ಲ."

"ತಬರ್ನಾಕ್!" ಎಂದಳು ಆಲ್ಫೊನ್ಸೀನ್ ಅಜ್ಜಿ. ಅದು ಪೀಠದ ಮೇಲೆ ಪ್ರಸಾದ ಇಡುವ ಗೂಡಿನ ಹೆಸರು. ಪೂಜೆಯ ಪಾತ್ರೆಪಗಡೆಗಳ ಹೆಸರನ್ನೆಲ್ಲ ನಮ್ಮ ಜನ ಬೈಗುಳ ಮಾಡಿಕೊಂಡು ಬಹಳ ಕಾಲವಾಯಿತು. "ನಂಗೆ ಹೆಂಗೂ ಮಂಡಿ ನೋವು. ಕೂತಿರ್ತೀನಿ ಹೋಗು."

ಆ ದಿನ ರೋಲಾಂದ್ ನಲವತ್ತಕ್ಕೂ ಹೆಚ್ಚು ತಲೆಗಳನ್ನು ತೊಳೆದು, ಸುತ್ತಿ, ಒಣಗಿಸಿ, ಹೇರ್‌ಸ್ಪ್ರೇ ಹೊಡೆದಳು. ಪ್ರತಿ ಕಿವಿಯ ಹತ್ತಿರ ಬಗ್ಗಿದಾಗಲೂ ಅದೇ ಮಾತು ಹೇಳಿದಳು. ಕೆಲವರು ಹೂಂ ಎಂದರು, ಕೆಲವರು ಕನ್ನಡಿಯಲ್ಲಿ ಅವಳನ್ನೇ ನೋಡಿದರು. ಬೇಡ ಎಂದವಳು ಒಬ್ಬಳೂ ಇಲ್ಲ. ಬೇಸಿನ್ನಿನ ಮೇಲೆ ಕತ್ತು ಚಾಚಿ ಮಲಗಿದವಳು ಬೇಡ ಎನ್ನುವುದಾದರೂ ಹೇಗೆ!

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಗೊಸ್ಲಾಂ ಪಾದ್ರಿಗಳು ಊರುಗೋಲು ಹಿಡಿದು, ಬಂಗಾರದ ಅಂಚಿನ ಹಳೆಯ ಪೂಜಾವಸ್ತ್ರ ತೊಟ್ಟು ಬಂದರು. ಅವರ ಬೆನ್ನು ಬಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಆ ದನಿ ಕಿವಿಗೆ ಬಿದ್ದ ಕೂಡಲೇ ರೋಲಾಂದಳೊಳಗೆ ಹದಿಮೂರರ ಹುಡುಗಿ ಮುದುಡಿಕೊಂಡಳು. ಅವಳು ಬೇಕೆಂದೇ ಐದನೆಯ ಬೆಂಚಿನಲ್ಲಿ ಕೂತಿದ್ದಳು.

ಪ್ರಸಾದದ ಹೊತ್ತು ಬಂತು. ಪಾದ್ರಿಗಳು ಪಾತ್ರೆ ಹಿಡಿದು ಪೀಠದ ಮೆಟ್ಟಿಲಿಳಿದು ನಿಂತರು. ರೆಮಿ ಪಾದ್ರಿ ಅವರ ಪಕ್ಕದಲ್ಲಿದ್ದರು. ಗಂಡಸರು ಎದ್ದರು, ಸಾಲಾಗಿ ಹೋದರು, ಬಂದರು. ಹೆಂಗಸರು ಏಳಲಿಲ್ಲ. ಎದ್ದುಹೋಗುವ ಗಂಡಂದಿರಿಗೆ ಕಾಲನ್ನು ಒಳಕ್ಕೆ ಎಳೆದು ದಾರಿ ಕೊಟ್ಟರು, ಅಷ್ಟೇ. ಮುಂದಿನ ಬೆಂಚಿನಿಂದ ಕೊನೆಯ ಬೆಂಚಿನವರೆಗೆ, ಹೊಸದಾಗಿ ಗುಂಗುರು ಮಾಡಿದ ತಲೆಗಳು ಅಲುಗಾಡಲಿಲ್ಲ. ಗಂಡಸರ ಸಾಲು ಮುಗಿಯಿತು. ಪಾತ್ರೆ ಹಿಡಿದ ಮುದುಕ ಒಬ್ಬರೇ ನಿಂತರು. ಆರ್ಗನ್ ನುಡಿಸುವವಳೂ ಕೈ ತೆಗೆದಳು.

ರೋಲಾಂದ್ ಅವರ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವರ ಕೆಳದುಟಿ ಅದುರಿತು, ಕಣ್ಣು ತುಂಬಿತು. ಬೇಕಾಗಿದ್ದುದು ಇದೇ ಎಂದು ಅವಳ ಎದೆ ಹಿಗ್ಗಿತು. ಅಷ್ಟರಲ್ಲಿ ಅವರು ಬಾಯಿ ತೆರೆದರು.

"ನನ್ನ ಹೆಣ್ಣುಮಕ್ಕಳೇ," ಎಂದರು, ಗದ್ಗದವಾಗಿ. "ಇವತ್ತು ನನ್ನ ಜನ್ಮ ಸಾರ್ಥಕ ಆಯ್ತು. ಎಲ್ಲಾ ಊರಲ್ಲೂ ಗುಳಿಗೆ ನುಂಗ್ತಾರೆ, ನುಂಗಿ ನಾಚಿಕೆ ಇಲ್ದೆ ಕೈ ಚಾಚ್ತಾರೆ. ನೀವು ಹಂಗಲ್ಲ. ತಪ್ಪು ಮಾಡಿರೋರು ಏಳಬಾರ್ದು ಅಂತ ನಾನು ಕಲಿಸಿದ್ದನ್ನ ನೀವು ಮರೆತಿಲ್ಲ. ಇಷ್ಟು ಜನ, ಇಷ್ಟು ಪ್ರಾಮಾಣಿಕವಾಗಿ ಕೂತಿದೀರಲ್ಲ! ದೇವರು ನಿಮ್ಮನ್ನ ಕ್ಷಮಿಸ್ತಾನೆ."

ಎಂದು ಕೈಯೆತ್ತಿ ಆಶೀರ್ವಾದ ಮಾಡಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಯಾರೋ ಮೂಗು ಸೇದಿದ್ದು ಕೇಳಿಸಿತು, ಯಾವಳೋ ಕರಗಿಹೋಗಿದ್ದಳು. ರೋಲಾಂದಳ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಎಂಥ ಮೂರ್ಖತನ! ಕೂತವಳು ಪಾಪಿ ಎಂದು ಮೂವತ್ತೈದು ವರ್ಷ ಊರಿಗೆ ಕಲಿಸಿದವರು ಇವರೇ. ಇಡೀ ಊರಿನ ಹೆಂಗಸರನ್ನು ಅವರ ಎದುರಿಗೆ ಸಾಲಾಗಿ ಕೂರಿಸಿ, ಹೌದು ಸ್ವಾಮಿ, ನೀವು ಹೇಳಿದ್ದೇ ಸರಿ ಎಂದು ತಾನೇ ಒಪ್ಪಿಸಿಬಿಟ್ಟಳಲ್ಲ! ಅಮ್ಮನನ್ನೂ ಇನ್ನೊಂದು ಸಲ ಕೂರಿಸಿದ ಹಾಗಾಯಿತು.

ಅವಳು ಎದ್ದಳು.

ಪಕ್ಕದವರು ಕಾಲೆಳೆದುಕೊಂಡು ದಾರಿ ಬಿಟ್ಟರು. ಮಧ್ಯದ ದಾರಿಯಲ್ಲಿ ಚಪ್ಪಲಿ ಸದ್ದು ಮಾಡುತ್ತ ನಡೆದಳು. ಪಾದ್ರಿಗಳ ಎದುರಿಗೆ ನಿಂತು ಬಲಗೈ ಚಾಚಿದಳು.

"ಕೊಡಿ ಸ್ವಾಮಿ."

"ಪಾಪನಿವೇದನೆ ಮಾಡಿದೀಯಾ ಮಗಳೇ?"

"ಇಲ್ಲ. ಒಂಬತ್ತು ವರ್ಷದಿಂದ ಗುಳಿಗೆ ನುಂಗ್ತಿದೀನಿ. ಇವತ್ತು ಬೆಳಿಗ್ಗೇನೂ ನುಂಗಿದೀನಿ. ನಾಳೇನೂ ನುಂಗ್ತೀನಿ. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ. ಕೊಡಿ."

ಪಾದ್ರಿಗಳ ಕೈ ಪಾತ್ರೆಯ ಅಂಚಿನಲ್ಲೇ ನಿಂತಿತು. ಅವರು ರೆಮಿ ಪಾದ್ರಿಯ ಕಡೆ ನೋಡಿದರು. ಗುಳಿಗೆಯ ವಿಷಯ ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು ಎಂದು ಬಿಷಪ್ಪರೆಲ್ಲ ಸೇರಿ ಹೇಳಿ ಮೂರು ವರ್ಷವಾಗಿತ್ತು. ಯುವಕ ಪಾದ್ರಿ, ಕೊಡಿ ಎಂಬಂತೆ, ಸಣ್ಣಗೆ ತಲೆಯಾಡಿಸಿದರು.

ಗೊಸ್ಲಾಂ ಪಾದ್ರಿಗಳು ತೆಳ್ಳನೆಯ ಬಿಳಿ ಬಿಲ್ಲೆಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

ಅಷ್ಟೇ. ನೀರು ಕುಡಿದಷ್ಟು ಸುಲಭವಾಗಿ ಆಗಿಹೋಯಿತು. ರೋಲಾಂದ್ ಅಂಗೈ ನೋಡಿಕೊಂಡಳು. ಒಣಗಿದ ಎಲೆಯಷ್ಟು ಹಗುರ. ಇದಕ್ಕಾಗಿ ಅಮ್ಮ ಮೂರು ಭಾನುವಾರ ತಲೆ ತಗ್ಗಿಸಿ ಕೂತಿದ್ದಳು. ಇದಕ್ಕಾಗಿ ದಿಂಬು ಎತ್ತಿಕೊಂಡು ಅಪ್ಪನ ಕೋಣೆಗೆ ಹೋಗಿದ್ದಳು. ಒಬ್ಬ ಗಿಟಾರಿನ ಹುಡುಗ ತಲೆಯಾಡಿಸಿದರೆ ಸಿಗುವಂಥದ್ದು ಇದು.

ಅವಳು ಅದನ್ನು ಬಾಯಿಗೆ ಹಾಕಿಕೊಂಡು ಕಚಕಚನೆ ಅಗಿದಳು. ಹಲ್ಲು ತಾಗಿಸುವುದೇ ಮಹಾಪಾಪ ಎಂದು ಬೆಳೆದವರು ಮುಂದಿನ ಬೆಂಚಿನಲ್ಲಿ ಉಸಿರು ಬಿಗಿಹಿಡಿದರು. ಅಗಿದು ನುಂಗಿ, ಎಡಗೈ ಚಾಚಿದಳು.

"ಇನ್ನೊಂದು ಕೊಡಿ."

"ಇನ್ನೊಂದಾ? ಒಬ್ಬರಿಗೆ ಒಂದೇ ಮಗಳೇ."

"ಇದು ನಂದಲ್ಲ, ನಮ್ಮಮ್ಮಂದು. ಎಕ್ಸಿಲ್ದಾ ವೆಯೋ. ಫಿಲಿಯಾಸನ ಹೆಂಡ್ತಿ. ನಲವತ್ತೆಂಟನೇ ಇಸವಿ ಪಾಸ್ಕದಲ್ಲಿ ನೀವು ಕೊಡ್ಲಿಲ್ಲ."

ಪಾದ್ರಿಗಳು ಕಣ್ಣು ಕಿರಿದು ಮಾಡಿ ಅವಳ ಮುಖದಲ್ಲಿ ಯಾರನ್ನೋ ಹುಡುಕಿದರು. ಸಿಗಲಿಲ್ಲ. "ನೆನಪಾಗ್ತಿಲ್ಲಮ್ಮ," ಎಂದರು. "ಅಂಥೋರು ಎಷ್ಟೋ ಜನ..."

"ಎಷ್ಟು ಜನ?"

ಕೇಳಿದ್ದು ರೋಲಾಂದ್ ಅಲ್ಲ. ಹಿಂದಿನ ಬೆಂಚಿನಿಂದ ಆಲ್ಫೊನ್ಸೀನ್ ಅಜ್ಜಿ ಕಿರುಚಿದ್ದಳು. ಈಗ ಅವಳ ತಲೆಯ ಮೇಲೆ ಯಾವ ಡ್ರೈಯರೂ ಇರಲಿಲ್ಲ.

"ಎಷ್ಟು ಜನ ಅಂತ ಹೇಳಿ ಸ್ವಾಮಿ! ನನ್ನ ತಂಗಿ ಲಾರಾನೂ ಇದ್ಲು ಅದ್ರಲ್ಲಿ! ಅವಳಾದ್ರೂ ನೆನಪಿದಾಳಾ?"

ಪಾದ್ರಿಗಳು ಬೆಂಚುಗಳ ಕಡೆ ನೋಡಿದರು. ಕೂತ ಹೆಂಗಸರು ಯಾರೂ ಈಗ ತಲೆ ತಗ್ಗಿಸಿರಲಿಲ್ಲ, ನೆಟ್ಟ ಕಣ್ಣಿನಿಂದ ಅವರನ್ನೇ ನೋಡುತ್ತಿದ್ದರು. ಇವರು ನಾಚಿಕೆಯಿಂದ ಕೂತವರಲ್ಲ ಎಂದು ಅವರಿಗೆ ಆಗ ಹೊಳೆದಿರಬೇಕು. ಮುಖದಲ್ಲಿದ್ದ ಬಣ್ಣವೆಲ್ಲ ಇಳಿಯಿತು. ಇನ್ನೊಂದು ಬಿಲ್ಲೆ ತೆಗೆದು ರೋಲಾಂದಳ ಎಡ ಅಂಗೈಯ ಕಡೆ ಚಾಚಿದರು.

ರೋಲಾಂದ್ ಮುಷ್ಟಿ ಮುಚ್ಚಿದಳು.

"ನಂಗ್ಯಾಕೆ ಕೊಡ್ತೀರಿ? ಅವಳಿಗೇ ಕೊಡಿ."

"ಸತ್ತವರಿಗೆ ಪ್ರಸಾದ ಕೊಡೋ ಪದ್ಧತಿ ಇಲ್ಲ ಮಗಳೇ..."

"ಬದುಕಿದ್ದಾಗ ಕೇಳಿದ್ಲು. ಆಗ್ಲೂ ಪದ್ಧತಿ ಇಲ್ಲ ಅಂದ್ರಿ. ಪದ್ಧತಿ ಈಗ ಬದಲಾಗಿದೆಯಲ್ಲ. ಅವಳೇನು ದೂರ ಹೋಗಿಲ್ಲ, ಚರ್ಚಿನ ಹಿತ್ತಲಲ್ಲೇ ಮಲಗಿದಾಳೆ. ನೀವೇ ಮಲಗಿಸಿದ್ದು. ತಗೊಂಡು ಹೋಗಿ ಕೊಡಿ."

ರೆಮಿ ಪಾದ್ರಿ ಅವಳ ತೋಳು ಹಿಡಿದರು. "ರೋಲಾಂದ್, ಸಾಕಮ್ಮ. ವಯಸ್ಸಾದವರು. ಕಾಲ ಹಾಗಿತ್ತು."

"ನೀವು ಆಗ್ಲೇ ತಲೆ ಆಡಿಸಿದ್ರಲ್ಲ ಸ್ವಾಮಿ," ಎಂದಳು ಅವಳು ಅವರ ಕಡೆ ತಿರುಗಿ. "ಎಷ್ಟು ಚೆನ್ನಾಗಿ ಆಡಿಸಿದ್ರಿ! ನಮ್ಮಮ್ಮಂಗೋಸ್ಕರ ಇನ್ನೊಂದ್ಸಲ ಆಡಿಸಿಬಿಡಿ."

ರೆಮಿ ಪಾದ್ರಿ ಅವಳ ತೋಳು ಬಿಟ್ಟರು. ಈ ಸಲ ತಲೆಯಾಡಿಸಲಿಲ್ಲ.

ಪಕ್ಕದ ಬಾಗಿಲಿಗೆ ಗೊಸ್ಲಾಂ ಪಾದ್ರಿಗಳು ತಾವಾಗಿಯೇ ಹೊರಟರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಪ್ರಸಾದದ ಪಾತ್ರೆ. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಕೇಳಿದರು:

"ಯಾವ ಸಾಲಲ್ಲಿದಾಳೆ?"

"ಹುಡ್ಕಿ," ಎಂದಳು ರೋಲಾಂದ್.

ಹೊರಗೆ ಜೂನ್ ತಿಂಗಳ ಬಿಸಿಲು, ಹೊಳೆಯ ಕಡೆಯಿಂದ ಬರುವ ಕರಿನೊಣಗಳ ಕಾಟ. ಹೆಂಗಸರೆಲ್ಲ ಎದ್ದು ಸ್ಮಶಾನದ ಬೇಲಿಯ ಪಕ್ಕ ಬಂದು ನಿಂತರು. ಊಟದ ಹಾಲಿನಿಂದ ಮಾಂಸದ ಕಡುಬಿನ ವಾಸನೆ ಬರುತ್ತಿತ್ತು, ಅತ್ತ ಯಾರೂ ಹೋಗಲಿಲ್ಲ. ಗಂಡಸರು ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು, ಏನು ಮಾಡುವುದೆಂದು ತೋಚದೆ ನಿಂತುಬಿಟ್ಟರು.

ನಮ್ಮೂರಿನ ಸಮಾಧಿ ಕಲ್ಲುಗಳ ಮೇಲೆ ಗಂಡನ ಹೆಸರು ಮೇಲೆ, ದಪ್ಪಕ್ಷರದಲ್ಲಿ ಇರುತ್ತದೆ. ಹೆಂಡತಿಯ ಹೆಸರು ಕೆಳಗೆ, ಸಣ್ಣಕ್ಷರದಲ್ಲಿ, ಹೆಚ್ಚುಕಡಿಮೆ ಹುಲ್ಲಿನ ಮಟ್ಟಕ್ಕೆ. ಅದನ್ನು ಓದಬೇಕಾದರೆ ಬಗ್ಗಲೇಬೇಕು. ಪಾದ್ರಿಗಳು ಮೊದಲ ಕಲ್ಲಿನ ಮುಂದೆ ಊರುಗೋಲು ಊರಿ ಬಗ್ಗಿದರು, ಅದರ ತುದಿಯಿಂದಲೇ ಹುಲ್ಲು ಸರಿಸಿದರು. ಕಣ್ಣು ಮಂಜು, ಅದಕ್ಕೆ ಗಟ್ಟಿಯಾಗಿಯೇ ಓದಿಕೊಂಡರು: "ಇವನ ಹೆಂಡತಿ ದೆಲಿಮಾ. ಮೂವತ್ತೊಂದು ವರ್ಷ." ಒಂದು ಗಳಿಗೆ ಹಾಗೇ ಬಗ್ಗಿ ನಿಂತರು. ಆ ಹೆಸರು ಅವರಿಗೆ ನೆನಪಾಗಿತ್ತು, ಬೇಲಿಯ ಹತ್ತಿರ ನಿಂತವರಿಗೆಲ್ಲ ಅದು ಕಂಡಿತು. ಅಲ್ಲಿಂದ ಮುಂದಿನ ಕಲ್ಲಿಗೆ ಹೋದರು. "ಇವನ ಮೊದಲ ಹೆಂಡತಿ ಒದೀಲ್. ಇಪ್ಪತ್ತೊಂಬತ್ತು ವರ್ಷ." ಮತ್ತೆ ನಿಂತರು. ಕರಿನೊಣಗಳು ಬೋಳುತಲೆಗೆ ಮುತ್ತಿದವು, ಓಡಿಸಲು ಕೈ ಖಾಲಿ ಇರಲಿಲ್ಲ.

"ಅಕ್ಕಾ, ಅವರು ಆ ಕಡೆಗೆ ಹೋಗ್ತಿದಾರೆ," ಎಂದಳು ಮಿಷ್ಲೀನ್. ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮಮ್ಮ ಅಲ್ಲಿಲ್ಲ ಅಲ್ವಾ? ನಾನು ಹೋಗಿ ಹೇಳ್ಲಾ?"

"ಬೇಡ," ಎಂದಳು ರೋಲಾಂದ್.

ಅರ್ಧ ಗಂಟೆಯಾದ ಮೇಲೂ ಪಾದ್ರಿಗಳು ಎರಡನೆಯ ಸಾಲಿನಲ್ಲೇ ಇದ್ದರು. ಎಕ್ಸಿಲ್ದಾಳ ಕಲ್ಲು ಇದ್ದದ್ದು ಕೊನೆಯ ಸಾಲಿನಲ್ಲಿ.